ಗ್ರೀನ್ ಗೇಟಿಗೆ ಇಪ್ಪತ್ತೈದು ಕಿಲೋಮೀಟರು

"ವಿಮಾನ ತಪ್ಪಿದರೆ ಇನ್ನೊಂದು ವಿಮಾನ ಉಂಟು. ರೈಲು ತಪ್ಪಿದರೆ ರಾತ್ರಿ ಬಸ್ಸು ಉಂಟು. ಹಡಗು ತಪ್ಪಿದರೆ ಧಕ್ಕೆ ಮೇಲೆ ನಿಂತು ನೋಡ್ತಾ ಇರಬೇಕು, ಅಷ್ಟೇ."

ಅಜ್ಜ ಈ ಮಾತು ಹೇಳಿದ್ದು 2025ರ ದೀಪಾವಳಿ ಕಳೆದ ವಾರ, ಬೆಂಗಳೂರಿನ ರಾಜಾಜಿನಗರದ ಮನೆಯಲ್ಲಿ, ರಾತ್ರಿ ಊಟಕ್ಕೆ ಕೂತಾಗ. ಎದುರಿಗೆ ಕೂತಿದ್ದ ಮಗ ಸರ್ಕಾರಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವವನು. ಅವನ ಮುಂದೆ ಮೊಬೈಲು, ಒಂದು ಪೆನ್ನು, ಹಳೆಯ ಲಗ್ನಪತ್ರಿಕೆಯ ಹಿಂಬದಿ. ನವೆಂಬರ್ ಕೊನೆಯ ಶುಕ್ರವಾರ ಮುಂಬಯಿಯಿಂದ ಗೋವಾಕ್ಕೆ ಹೋಗಿ ಬರುವ ವಿಹಾರ ಹಡಗಿಗೆ ನಾಲ್ಕು ಟಿಕೆಟ್ ಕಾದಿರಿಸಿ ಆಗಿತ್ತು. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದರೆ ಹಡಗು ಹತ್ತಿಸುತ್ತೇನೆಂದು ಮಗಳಿಗೆ ಕೊಟ್ಟ ಮಾತು ಅದು. ಅವಳು ತನ್ನ ಪಾಲಿನದನ್ನು ಮಾಡಿ ಮುಗಿಸಿ ಈಗ ಮೊದಲ ಪಿಯುಸಿಯಲ್ಲಿದ್ದಳು. ಆದರೆ ಆ ಮನೆಯಲ್ಲಿ ಹಡಗಿಗಾಗಿ ನಿಜವಾಗಿ ಆಸೆಪಟ್ಟವರು ಅಜ್ಜ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅಂಕೋಲಾ ಕಡೆಯ ಅಜ್ಜ 1968ರಲ್ಲಿ, ಹದಿನಾರನೆಯ ವಯಸ್ಸಿಗೆ, ಮುಂಬಯಿಗೆ ಹೊರಟವರು. ಆಗ ಕಾರವಾರದ ಬಳಿ ಕಾಳಿ ನದಿಗೆ ಸೇತುವೆ ಇರಲಿಲ್ಲ. ದೋಣಿ ದಾಟಿ, ಬಸ್ಸು ಹಿಡಿದು, ಪಣಜಿಯಲ್ಲಿ ಒಂದು ರಾತ್ರಿ ಮಲಗಿ, ಮರುದಿನ ಸ್ಟೀಮರು. ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದರೆ ಅದರ ಮರುದಿನ ಮುಂಬಯಿಯ ಭಾವೂಚಾ ಧಕ್ಕೆ. ಕೋಟೆ ವಿಭಾಗದ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕಲಿತು, ಹತ್ತು ವರ್ಷದ ನಂತರ ಊರಿಗೆ ಮರಳಿದರು. ಮುಂದೆ ಆ ಸ್ಟೀಮರ್ ಸೇವೆಯೇ ನಿಂತುಹೋಯಿತು. ಆ ದಾರಿಯಲ್ಲಿ ಇನ್ನೊಮ್ಮೆ ಹೋಗಬೇಕೆಂದು ಅವರು ಬಾಯಿಬಿಟ್ಟು ಹೇಳಿದವರಲ್ಲ. ಟಿಕೆಟ್ ಬಂದ ದಿನ ಮಾತ್ರ ಮೊಮ್ಮಗಳಿಂದ ಅದನ್ನು ಎರಡು ಸಲ ಓದಿಸಿಕೊಂಡರು.

ಈಗ ಲಗ್ನಪತ್ರಿಕೆಯ ಹಿಂಬದಿಯ ಲೆಕ್ಕ. ಹಡಗು ಬಿಡುವುದು ಸಂಜೆ 5ಕ್ಕೆ. ಚೆಕ್‌-ಇನ್ ಮುಚ್ಚುವುದು 3-30ಕ್ಕೆ. ಬೆಳಿಗ್ಗೆ 10ರ ವಿಮಾನ 11-45ಕ್ಕೆ ಮುಂಬಯಿಯಲ್ಲಿ ಇಳಿಯುತ್ತದೆ. ಸಾಮಾನು ಕೈಸೇರಲು ಅರ್ಧ ಗಂಟೆ. ನಿಲ್ದಾಣದಿಂದ ಹಡಗುಕಟ್ಟೆಗೆ ಸುಮಾರು 25 ಕಿ.ಮೀ., ಟ್ಯಾಕ್ಸಿಯಲ್ಲಿ ಸರಾಸರಿ ಒಂದೂಕಾಲು ಗಂಟೆ. ಅಲ್ಲಿಗೆ 1-30. ಎರಡು ಗಂಟೆ ಉಳಿತಾಯ!

"ಹಿಂದಿನ ದಿನವೇ ಹೋಗಿ ಮಲಗೋದು ಒಳ್ಳೇದು," ಎಂದರು ಅಜ್ಜ.

"ನಾಲ್ಕು ಜನಕ್ಕೆ ಎರಡು ರೂಮು. ಆರು ಸಾವಿರ ಯಾಕೆ ದಂಡ, ಅಪ್ಪ?"

ಮಗಳು ಪತ್ರಿಕೆಯನ್ನು ತನ್ನ ಕಡೆ ತಿರುಗಿಸಿಕೊಂಡು, "ಇದರಲ್ಲಿ ಎಲ್ಲವೂ ಸರಾಸರಿ. ವಿಚಲನೆ ಎಲ್ಲಿ?" ಎಂದು ಕೇಳಿದಳು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಪಾಠ ಆಗಷ್ಟೇ ನಡೆದಿತ್ತು. ಅಪ್ಪ ನಕ್ಕು ಪತ್ರಿಕೆಯನ್ನು ಮಡಿಚಿಟ್ಟ.

ಹುಡುಗಿಯ ಪ್ರಶ್ನೆ ನಗುವಂಥದಲ್ಲ. ಪರೀಕ್ಷೆಯ ದಿನ ಬಸ್ಸಿನ ಸರಾಸರಿ ವೇಳೆ ನೋಡಿಕೊಂಡು ಮನೆ ಬಿಡುವ ವಿದ್ಯಾರ್ಥಿ ಇದ್ದಾನೆಯೆ? ಒಂದು ದಾರಿ ಕೆಲವು ದಿನ 45 ನಿಮಿಷ, ಕೆಲವು ದಿನ 2 ಗಂಟೆ ತೆಗೆದುಕೊಂಡರೂ ಸರಾಸರಿ ಒಂದೂಕಾಲು ಗಂಟೆಯೇ ಬಂದೀತು. ಆದರೆ ಪ್ರಯಾಣಿಕ ಹೋಗುವುದು ಸರಾಸರಿ ದಿನದಲ್ಲಲ್ಲ, ಯಾವುದೋ ಒಂದು ದಿನ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ವಿಮಾನ ಹಾರಿಸುವವರಿಗೆ ಹಡಗಿನ ಗೊಡವೆ ಇಲ್ಲ. ಹಡಗಿನವರಿಗೆ ವಿಮಾನದ ಸಂಬಂಧವಿಲ್ಲ. ಎರಡು ವಿಮಾನಗಳನ್ನು ಒಂದೇ ಟಿಕೆಟಿನಲ್ಲಿ ಕೊಂಡಾಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ವಿಮಾನದವರು ಮುಂದಿನ ಏರ್ಪಾಟು ಮಾಡುತ್ತಾರೆ. ಈ 25 ಕಿ.ಮೀ. ಮಾತ್ರ ಯಾರ ಲೆಕ್ಕಕ್ಕೂ ಸೇರಿದ್ದಲ್ಲ. ಅದು ಪೂರ್ತಿ ಪ್ರಯಾಣಿಕನ ಸ್ವಂತ ಆಸ್ತಿ!

ಹಿಂದೆ ಹೀಗಿರಲಿಲ್ಲ ಎಂಬುದು ಆ ಜಾಗಕ್ಕೇ ಗೊತ್ತು. ಮುಂಬಯಿಯ ವಿಹಾರ ಹಡಗುಗಳು ನಿಲ್ಲುವ ಬಲಾರ್ಡ್ ಪಿಯರಿನಲ್ಲಿ ಬ್ರಿಟಿಷರ ಕಾಲದಲ್ಲಿ ರೈಲು ನಿಲ್ದಾಣವೇ ಇತ್ತು, ಬಲಾರ್ಡ್ ಪಿಯರ್ ಮೋಲ್ ಎಂದು. ವಿಲಾಯಿತಿಯಿಂದ ಟಪಾಲು ಹಡಗು ಬಂದರೆ ಪೇಶಾವರಕ್ಕೆ ಹೋಗುವ ಫ್ರಾಂಟಿಯರ್ ಮೇಲ್ ಅಲ್ಲಿಂದಲೇ ಹೊರಡುವ ವ್ಯವಸ್ಥೆ. ಇಳಿದವರು ನಾಲ್ಕು ಹೆಜ್ಜೆ ನಡೆದರೆ ರೈಲು. ಹಡಗಿಗೂ ರೈಲಿಗೂ ಒಂದೇ ವೇಳಾಪಟ್ಟಿ ಎಂದರೂ ಸರಿ. ಸುತ್ತಲಿನ ನೆಲವೂ ಬಂದರಿನದೇ. 1914ರಲ್ಲಿ ತೆರೆದ ಅಲೆಕ್ಸಾಂಡ್ರಾ ಡಾಕನ್ನು (ಇಂದಿನ ಇಂದಿರಾ ಡಾಕ್) ಅಗೆದಾಗ ಬಂದ ಮಣ್ಣನ್ನು ಸಮುದ್ರಕ್ಕೆ ತುಂಬಿಯೇ ಬಲಾರ್ಡ್ ಎಸ್ಟೇಟ್ ಬಡಾವಣೆ ಎದ್ದಿತು.

ಅದೇ ಮುಂಬಯಿ ಬಂದರಿನಿಂದ 1931ರ ಆಗಸ್ಟ್ 29ರಂದು ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆಂದು ರಜಪೂತಾನಾ ಹಡಗು ಹತ್ತಿದರು. ಎರಡು ದಿನ ಮೊದಲು, 27ರಂದು, ಅವರು ಶಿಮ್ಲಾದ ಬೆಟ್ಟದ ಮೇಲೆ ವೈಸರಾಯರೊಡನೆ ಮಾತುಕತೆಯಲ್ಲಿದ್ದರು. ಒಪ್ಪಂದ ಮುಗಿಯುವ ಹೊತ್ತಿಗೆ ಮಾಮೂಲು ರೈಲು ಹಿಡಿದರೆ ಹಡಗು ಸಿಗುವುದಿಲ್ಲ ಎನ್ನುವಂತಾಗಿತ್ತು. ಶಿಮ್ಲಾದಿಂದ ಕಾಲ್ಕಾಕ್ಕೆ 96 ಕಿ.ಮೀ. ನ್ಯಾರೋಗೇಜ್ ಹಾದಿಯಲ್ಲಿ ಅವರಿಗಾಗಿ ವಿಶೇಷ ರೈಲು ಓಡಿಸಿದರು. ಸಾಮ್ರಾಜ್ಯದ ಸರ್ಕಾರವೇ ರೈಲು ಬಿಟ್ಟಿತೇ ಹೊರತು ಹಡಗನ್ನು ಒಂದು ದಿನ ತಡೆದು ನಿಲ್ಲಿಸಲಿಲ್ಲ ಎಂಬುದನ್ನು ಗಮನಿಸಬೇಕು.

ಹಡಗಿಗೆ ಇಷ್ಟು ಬಿಗುಮಾನ ಏಕೆ? ದೊಡ್ಡ ಹಡಗು ತಾನಾಗಿ ಕಟ್ಟೆ ಬಿಡಲಾರದು. ಬಂದರಿನ ನೀರು ಬಲ್ಲ ಪೈಲಟ್ ಬರಬೇಕು, ಹಿಡಿದು ತಿರುಗಿಸುವ ಟಗ್ ದೋಣಿಗಳು ಬರಬೇಕು, ಆ ಹೊತ್ತಿಗೆ ಕಾಲುವೆ ಖಾಲಿ ಇರಬೇಕು. ಮುಂಬಯಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸು ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟ 4 ಮೀಟರಿಗಿಂತ ಹೆಚ್ಚು ಏರಿಳಿಯುತ್ತದೆ. ಇವಕ್ಕೆಲ್ಲ ಒಂದೊಂದು ವೇಳೆ. ಪ್ರಯಾಣಿಕರ ಪಟ್ಟಿಯನ್ನು ಮೊದಲೇ ಮುಗಿಸಿ ಕೊಡಬೇಕು. ಹಾಗಾಗಿ ಪ್ರಯಾಣಿಕನ ಮಟ್ಟಿಗೆ ಹಡಗು ಹೊರಡುವುದು 5ಕ್ಕಲ್ಲ, 3-30ಕ್ಕೆ.

ಆ ಶುಕ್ರವಾರ ದೇವನಹಳ್ಳಿಯಲ್ಲಿ ಮಂಜು. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗಿ, ಮೇಲಿನ ತೇವದ ಗಾಳಿ ತಣಿದು ಹನಿಗಟ್ಟುವ ಚಳಿಗಾಲದ ಮಂಜು. ಬಿಸಿಲೇರಿದಾಗ ಅದು ಕರಗಿತು ನಿಜ. ಆದರೆ ಬೆಳಗಿನ ವಿಮಾನಗಳೆಲ್ಲ ಒಂದರ ಹಿಂದೊಂದು ಸಾಲುಗಟ್ಟಿ, 10ರ ವಿಮಾನ ನೆಲ ಬಿಟ್ಟಾಗ 11-35. ಮುಂಬಯಿಯಲ್ಲಿ ಇಳಿದಾಗ 1-20. ಪಟ್ಟಿಯ ಮೇಲೆ ನಾಲ್ಕು ಚೀಲಗಳಲ್ಲಿ ಮೂರು ಬಂದು, ನಾಲ್ಕನೆಯದು ಎಲ್ಲರ ಸಾಮಾನು ಮುಗಿದ ಮೇಲೆ ಬಂತು. 1-50.

ಅಪ್ಪ ಟ್ಯಾಕ್ಸಿಗೆ ಮೊಬೈಲು ತೆಗೆದ. ಒಂದು ಗಂಟೆ ಹತ್ತು ನಿಮಿಷ ಎಂದು ತೋರಿಸಿತು.

"3-10ಕ್ಕೆ ಅಲ್ಲಿರ್ತೀವಿ. ಅಪ್ಪನ ಮೊಣಕಾಲಿಗೂ ಆರಾಮ."

"ಅದು ಈಗಿನ ಅಂದಾಜು ಅಪ್ಪಾ. ದಾರಿಯಲ್ಲಿ ಏನಾದ್ರೂ ಆದ್ರೆ? ಮೆಟ್ರೋ ಇಲ್ಲೇ ಕೆಳಗಿದೆ. ನಲವತ್ತೈದು ನಿಮಿಷ ಅಂದ್ರೆ ನಲವತ್ತೈದೇ."

ಮುಂಬಯಿ ಮೆಟ್ರೋದ ಮೂರನೆಯ ಮಾರ್ಗ ಕಫ್ ಪರೇಡಿನವರೆಗೆ ಪೂರ್ತಿ ತೆರೆದದ್ದು 2025ರ ಅಕ್ಟೋಬರಿನಲ್ಲಿ, ಇವರು ಹೋಗುವ ಒಂದೂವರೆ ತಿಂಗಳ ಮೊದಲು. 33.5 ಕಿ.ಮೀ., ಬಹುತೇಕ ಎಲ್ಲ ನೆಲದಡಿ. ವಿಮಾನ ನಿಲ್ದಾಣದಿಂದ ನೇರ ಸಿಎಸ್‌ಎಂಟಿಗೆ, ಅಂದರೆ ಹಳಬರ ವಿ.ಟಿ.ಗೆ. ಅಲ್ಲಿಂದ ಹಡಗುಕಟ್ಟೆಗೆ ಒಂದೂವರೆ ಕಿ.ಮೀ. ಅಷ್ಟೆ. ನಾಲ್ಕು ಚೀಲ, ಒಂದು ಮೊಣಕಾಲು ಎಂದು ಅಪ್ಪ ಇನ್ನೂ ಎಣಿಸುತ್ತಿದ್ದಾಗ ಸೊಸೆ, "ಮಾವ, ನಿಮಗೆ ಹೇಗೆ?" ಎಂದು ಕೇಳಿದಳು. ಅಜ್ಜ ಆಗಲೇ ಒಂದು ಚೀಲ ಎತ್ತಿಕೊಂಡಿದ್ದರು. "ರೈಲೇ ನಡಿ, ತಂಗಿ."

ಲಿಫ್ಟು ಇತ್ತು, ಮೊಣಕಾಲಿಗೆ ಏನೂ ಆಗಲಿಲ್ಲ. ನೆಲದಡಿ ಮೊಬೈಲಿನ ಗೆರೆಗಳು ಮಾಯವಾದವು. ಅಪ್ಪ ಗಡಿಯಾರ ನೋಡುತ್ತ ಕೂತ. ಮಗಳು ನಿಲ್ದಾಣ ಎಣಿಸಿದಳು. 2-55ಕ್ಕೆ ವಿ.ಟಿ.ಯ ಎದುರು ಬಿಸಿಲಿಗೆ ಬಂದರು. ಮೂವತ್ತೈದು ನಿಮಿಷ ಕೈಯಲ್ಲಿತ್ತು. ಮಗಳ ಮುಖದಲ್ಲಿ ನೂರಕ್ಕೆ ನೂರು ಬಂದ ಕಳೆ.

ಆಗಲೇ ಅಜ್ಜ ಮುಂದೆ ನುಗ್ಗಿದರು. ಐವತ್ತು ವರ್ಷದ ಹಿಂದೆ ದಿನವೂ ನಡೆದಾಡಿದ ಬೀದಿ. ಕಪ್ಪು-ಹಳದಿ ಟ್ಯಾಕ್ಸಿ ನಿಲ್ಲಿಸಿ, ಎಲ್ಲೂ ತಡವರಿಸದ ಮರಾಠಿಯಲ್ಲಿ ಏನೋ ಹೇಳಿ, ಚಾಲಕನ ಪಕ್ಕದಲ್ಲಿ ಕೂತೇಬಿಟ್ಟರು. ಚಾಲಕನಿಗೆ ಇವರ ಮೇಲೆ ಎಷ್ಟು ಗೌರವ ಹುಟ್ಟಿತೆಂದರೆ ಹಿಂದೆ ಕೂತವರ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪ ಮೊದಲ ಬಾರಿಗೆ ಬೆನ್ನು ಒರಗಿಸಿದ.

ಐದು ನಿಮಿಷ ಕಳೆಯಿತು. ಹತ್ತು ಕಳೆಯಿತು. ಲಾರಿಗಳ ಸಾಲಿನ ಹಿಂದೆ ಟ್ಯಾಕ್ಸಿ ತೆವಳುತ್ತಿತ್ತು. ಒಂದೂವರೆ ಕಿ.ಮೀ.ಗೆ ಇಷ್ಟು ಹೊತ್ತೆ? ಮಗಳು ಮೊಬೈಲು ತೆಗೆದಳು. ನೀಲಿ ಚುಕ್ಕೆ ಉತ್ತರಕ್ಕೆ ಹೋಗುತ್ತಿತ್ತು.

"ಅಜ್ಜ, ಎಲ್ಲಿಗೆ ಅಂತ ಹೇಳಿದಿರಿ?"

"ಎಲ್ಲಿಗೆ ಅಂದ್ರೆ? ಗೋವಾ ಹಡಗಿಗೆ. ಭಾವೂಚಾ ಧಕ್ಕೆಗೆ."

ಟಿಕೆಟಿನ ಮೇಲೆ ಬಲಾರ್ಡ್ ಪಿಯರ್, ಗ್ರೀನ್ ಗೇಟ್ ಎಂದು ಅಚ್ಚಾಗಿತ್ತು. ಮುಂಬಯಿ ಬಂದರಿನ ಉದ್ದಕ್ಕೂ ಬಣ್ಣದ ಹೆಸರಿನ ಬಾಗಿಲುಗಳು: ಹಸಿರು, ಕಿತ್ತಳೆ, ಹಳದಿ, ನೇರಳೆ. ಹಸಿರಿನಿಂದ ಭಾವೂಚಾ ಧಕ್ಕೆಗೆ ಮೂರು ಕಿ.ಮೀ.ಗೂ ಹೆಚ್ಚು. ಅಜ್ಜನ ತಪ್ಪೆನ್ನಲಾಗದು. ಅವರ ಸ್ಟೀಮರು ಅಲ್ಲಿಂದಲೇ ಬಿಡುತ್ತಿತ್ತು. 2018ರಲ್ಲಿ ಆಂಗ್ರಿಯಾ ಎಂಬ ಹಡಗು ಮುಂಬಯಿ-ಗೋವಾ ನಡುವೆ ಓಡಲು ತೊಡಗಿದಾಗ ಅದೂ ಆ ಕಡೆಯ ಕಟ್ಟೆಯಿಂದಲೇ ಹೊರಟಿತ್ತು. ಚಾಲಕನೂ ಅದರಲ್ಲಿ ಸಂಶಯಪಡುವಂಥದೇನನ್ನೂ ಕಂಡಿರಲಿಲ್ಲ. ಲಗ್ನಪತ್ರಿಕೆಯ ಲೆಕ್ಕದಲ್ಲಿ ಮಂಜಿಗೂ ಜಾಗವಿರಲಿಲ್ಲ, ನೆನಪಿಗೂ ಇರಲಿಲ್ಲ.

ಟ್ಯಾಕ್ಸಿ ತಿರುಗಿಸುವ ಸಂದು ಸಿಗಲು ಇನ್ನೊಂದಿಷ್ಟು ದೂರ ಹೋಗಬೇಕಾಯಿತು. ವಾಪಸು ಬರುವಾಗ ಯಾರೂ ಮಾತಾಡಲಿಲ್ಲ. ಅಜ್ಜ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದರು. ಸೊಸೆ ಮೆಲ್ಲಗೆ ಅವರ ಹೆಗಲ ಮೇಲೆ ಕೈಯಿಟ್ಟು, "ನೀರು ಕುಡೀತೀರಾ, ಮಾವ?" ಎಂದಳು. ಬೇಡವೆಂದು ತಲೆಯಾಡಿಸಿದರು. ಅಪ್ಪ ಏನೋ ಹೇಳಲು ಬಾಯಿ ತೆರೆದವನು ಮಗಳ ಮುಖ ನೋಡಿ ಸುಮ್ಮನಾದ. ಅದೊಂದು ಒಳ್ಳೆಯ ಕೆಲಸ ಆ ದಿನ ಅವನಿಂದ ಆಯಿತು.

ಗ್ರೀನ್ ಗೇಟ್ ತಲುಪಿದಾಗ 3-36. 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಹೊಸ ಟರ್ಮಿನಲ್ಲು. ಬಿಳಿ ಅಲೆಯಂತೆ ಇಳಿಬಿಟ್ಟ ಚಾವಣಿ. 72 ಕೌಂಟರುಗಳಿವೆಯೆಂದು ಮಗಳು ಎಲ್ಲೋ ಓದಿದ್ದಳು. ಈಗ ಬೇಕಾದದ್ದು ಒಂದೇ ಒಂದು. ನಾಲ್ವರೂ ಚೀಲ ಎಳೆದುಕೊಂಡು ಓಡಿದರು, ಅಜ್ಜನೂ ಸೇರಿ.

ಕೌಂಟರು ತೆರೆದಿತ್ತು. ಅದರ ಮುಂದೆ ಸಾಲೂ ಇತ್ತು! ಮಂಕಿ ಟೋಪಿ ಕೈಯಲ್ಲಿ ಹಿಡಿದವರು, ಮಕ್ಕಳನ್ನು ಹೆಗಲಿಗೆ ಹಾಕಿಕೊಂಡವರು, "ಲಗೇಜು ಲೇಟಾಯ್ತು ಸಾರ್" ಎಂದು ಕನ್ನಡದಲ್ಲೇ ಹೇಳಿಕೊಳ್ಳುತ್ತಿದ್ದವರು. ಬೆಂಗಳೂರಿನ ಅದೇ ಮಂಜು ಮೂರು ವಿಮಾನಗಳ ಪ್ರಯಾಣಿಕರನ್ನು ಒಟ್ಟಿಗೆ ತಡಮಾಡಿ ಅಲ್ಲಿಗೆ ತಂದು ನಿಲ್ಲಿಸಿತ್ತು. ಒಂದು ಕುಟುಂಬ ತಡವಾದರೆ ಕೌಂಟರು ಮುಚ್ಚುತ್ತದೆ. ನಲವತ್ತು ಜನ ತಡವಾದರೆ ಅರ್ಧ ಗಂಟೆ ತೆರೆದಿರುತ್ತದೆ. ಇವರು ಹಡಗು ಹತ್ತಿದ್ದು ಮೆಟ್ರೋದಿಂದಲೂ ಅಲ್ಲ, ಲೆಕ್ಕದಿಂದಲೂ ಅಲ್ಲ.

ಅಪ್ಪನಿಗೆ ಹಾಗನ್ನಿಸಲಿಲ್ಲ. ಬೋರ್ಡಿಂಗ್ ಕಾರ್ಡುಗಳನ್ನು ಬೀಸಣಿಗೆಯಂತೆ ಹಿಡಿದು, "ನೋಡು, ಎರಡು ಗಂಟೆ ಉಳಿಸಿ ಇಟ್ಟಿದ್ದಕ್ಕೆ ಸರಿಹೋಯ್ತು," ಎಂದ.

ಐದು ದಾಟಿ ಹತ್ತು ನಿಮಿಷಕ್ಕೆ ಟಗ್ ದೋಣಿಗಳು ಹಡಗನ್ನು ಕಟ್ಟೆಯಿಂದ ಬಿಡಿಸಿದವು. ಎಲ್ಲರೂ ಗೇಟ್‌ವೇ ಆಫ್ ಇಂಡಿಯಾ ಕಾಣುವ ಬದಿಗೆ ನುಗ್ಗಿದರೆ ಅಜ್ಜ ಹಿಂಬದಿಯ ಕಟಕಟೆ ಹಿಡಿದು ಉತ್ತರಕ್ಕೆ ನೋಡುತ್ತ ನಿಂತಿದ್ದರು. ಮೊಮ್ಮಗಳು ಪಕ್ಕಕ್ಕೆ ಹೋಗಿ ನಿಂತಳು.

"ಅಲ್ಲಿ ಕ್ರೇನುಗಳಿವೆಯಲ್ಲ, ಅದರಾಚೆ," ಎಂದರು ಅಜ್ಜ. "ಆ ದಿನ ಧಕ್ಕೆಯಲ್ಲಿ ನನ್ನ ಕರಕೊಂಡು ಹೋಗಲು ಬರ್ತೇನೆ ಅಂದವನು ಬಂದೇ ಇರಲಿಲ್ಲ. ಹೋಟೆಲಿಗೆ ಒಬ್ಬನೇ ದಾರಿ ಕೇಳ್ತಾ ನಡೆದೆ."

"ಎಷ್ಟು ಹೊತ್ತು ಬೇಕಾಯ್ತು?"

"ಸಂಜೆ ಆಯ್ತು."

ಅಪ್ಪ ಮೂರು ಲೋಟ ಚಹಾ ಹಿಡಿದು ಅಲ್ಲಿಗೇ ಬಂದ. ಗಾಳಿಗೆ ಚಹಾ ಆಗಲೇ ಆರಿತ್ತು. ಕುಡಿಯುತ್ತ ಕುಡಿಯುತ್ತ ಮಗಳು ಕೇಳಿದಳು:

"ಅಪ್ಪಾ, ವಾಪಸು ಬರುವಾಗ ಭಾನುವಾರ ಹಡಗು ಎಷ್ಟಕ್ಕೆ ಮುಟ್ಟುತ್ತೆ?"

"ಬೆಳಿಗ್ಗೆ ಒಂಬತ್ತಕ್ಕೆ."

"ವಿಮಾನ?"

ಅಪ್ಪ ನೀರಿನ ಕಡೆ ನೋಡಿದ. "ಹನ್ನೊಂದೂವರೆ. ಅದೇ ಅಗ್ಗಕ್ಕೆ ಸಿಕ್ಕಿದ್ದು."

ಮಗಳು ಲೋಟವನ್ನು ಅಜ್ಜನ ಕೈಗೆ ಕೊಟ್ಟು ಚೀಲದಲ್ಲಿ ಪೆನ್ನು ಹುಡುಕತೊಡಗಿದಳು.