ಅಚಲೆ ನಡುಗಿದ ಮೇಲೆ

ಅಮರಕೋಶವನ್ನು ಬಾಯಿಪಾಠ ಮಾಡಿದ ಬಾಲಕನೂ ಭೂಮಿಗೆ ಅಚಲಾ ಎಂದೂ ಸ್ಥಿರಾ ಎಂದೂ ಹೆಸರುಂಟೆಂಬುದನ್ನು ಬಲ್ಲನು. ಅಲುಗದಿರುವುದೇ ಭೂಮಿಯ ಸ್ವಭಾವವೆಂಬ ಈ ನಂಬಿಕೆ ಕೋಶಕಾರನೊಬ್ಬನದೇ ಅಲ್ಲ. ದಖ್ಖನ್ ಪ್ರಸ್ಥಭೂಮಿಯ ವಿಷಯದಲ್ಲಿ ಭೂಗರ್ಭಶಾಸ್ತ್ರಜ್ಞರೂ ಬಹುಕಾಲ ಹೆಚ್ಚುಕಡಮೆ ಹೀಗೆಯೇ ಭಾವಿಸಿದ್ದರು. ಭೂಕಂಪದ ಭಯವನ್ನನುಸರಿಸಿ ದೇಶವನ್ನು ಐದು ವಲಯಗಳಾಗಿ ವಿಭಾಗಿಸಿದ್ದ ನಕ್ಷೆಯಲ್ಲಿ ಮಹಾರಾಷ್ಟ್ರದ ಲಾತೂರು ಸೀಮೆಯು ಅತ್ಯಲ್ಪ ಭಯದ ಒಂದನೆಯ ವಲಯಕ್ಕೆ ಸೇರಿತ್ತು. 1967ರಲ್ಲಿ ಕೊಯ್ನಾ ನಡುಗಿದಾಗ ಬಹುಮಂದಿ ಅದರ ಹೊಣೆಯನ್ನು ಅಲ್ಲಿಯ ಹೊಸ ಜಲಾಶಯದ ಮೇಲೆ ಹೊರಿಸಿದರು. 1992ರಲ್ಲಿ ಕಿಲ್ಲಾರಿ ಗ್ರಾಮದ ಸುತ್ತ ಹಲವು ಬಾರಿ ಸಣ್ಣ ಕಂಪನಗಳಾದವು, ಜನ ಬೆದರಿದರು, ತಿಂಗಳು ಕಳೆದಂತೆ ಬೆದರಿಕೆಯೂ ಕಳೆಯಿತು. ನಕ್ಷೆಯಿಂದ ಆ ಒಂದನೆಯ ವಲಯವನ್ನೇ ತೆಗೆದುಹಾಕಿ, ಲಾತೂರನ್ನು ಮೂರನೆಯದಕ್ಕೆ ಸೇರಿಸಿದುದು 2002ರಲ್ಲಿ. ಅಷ್ಟರೊಳಗೆ ಆಗಬಾರದ್ದು ಆಗಿಹೋಗಿತ್ತು.

1993ನೆಯ ಸೆಪ್ಟೆಂಬರ್ 29 ಅನಂತ ಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ಹೊತ್ತು ಮೀರಿ ಮಲಗಿದ್ದರು. ಬೆಳಗಿನ ಜಾವ 4 ಗಂಟೆಗೆ ಇನ್ನು ನಾಲ್ಕು ನಿಮಿಷವಿರುವಾಗ ನೆಲ ನಡುಗಿತು. ನಮ್ಮ ಬೀದರ, ಕಲಬುರ್ಗಿ ಜಿಲ್ಲೆಗಳಲ್ಲಿಯೂ ಜನ ಹಾಸಿಗೆ ಬಿಟ್ಟೆದ್ದರು. ಆದರೆ ಗಡಿಯ ಆಚೆಗೆ ಲಾತೂರು, ಉಸ್ಮಾನಾಬಾದು ಜಿಲ್ಲೆಗಳ 52 ಊರುಗಳು ಕಲ್ಲಿನ ರಾಶಿಯಾದವು. ಸತ್ತವರು ಸುಮಾರು 10,000. ಕಂಪದ ಪ್ರಮಾಣ 6ಕ್ಕೆ ತುಸು ಮೇಲೆ. ಅಂಥದನ್ನು ಜಪಾನಿನವರು ಅಲ್ಪ ನಷ್ಟದಲ್ಲಿಯೇ ದಾಟಿರುವ ಸಂದರ್ಭಗಳುಂಟು. ಇಲ್ಲಿ ಇಷ್ಟು ಜೀವಹಾನಿಯಾದುದೇಕೆ?

ಕೊಂದದ್ದು ಭೂಮಿಯಲ್ಲ, ಮನೆ. ಆ ಸೀಮೆಯ ಮನೆಗಳ ಗೋಡೆ ಎರಡು ಮೂರು ಅಡಿ ದಪ್ಪದ್ದು, ಕೆಲವೆಡೆ ಇನ್ನೂ ಹೆಚ್ಚು. ಹೊರಮೈಗೊಂದು, ಒಳಮೈಗೊಂದು ಎಂದು ಕರಿಯ ಕಲ್ಲಿನ ಎರಡು ಸಾಲುಗಳನ್ನು ಎಬ್ಬಿಸಿ, ನಡುವೆ ಜಲ್ಲಿ ಮಣ್ಣು ತುಂಬುವರು. ಮೇಲೆ ಮರದ ತೊಲೆ ಜಂತಿಗಳು. ಅವುಗಳ ಮೇಲೆ ಮಣ್ಣಿನ ಮಾಳಿಗೆ. ಸೋರದಿರಲೆಂದು ಆಗಾಗ ಹೊಸ ಮಣ್ಣು ಹಾಕಿ ಹಾಕಿ ಅದು ಅಡಿಗಟ್ಟಲೆ ಬೆಳೆದಿರುವುದು. ಬೇಸಗೆಯಲ್ಲಿ ಇಂಥ ಮನೆಯಷ್ಟು ತಂಪು ಮತ್ತೊಂದಿಲ್ಲ. ಕಳ್ಳರ ಭಯವಂತೂ ಇಲ್ಲವೇ ಇಲ್ಲ. ಗೋಡೆ ದಪ್ಪವಾದಷ್ಟೂ ಮನೆತನಕ್ಕೆ ಮರ್ಯಾದೆ. ನೆಲ ಅತ್ತಿತ್ತ ತೂಗಿದಾಗ, ಒಂದನ್ನೊಂದು ಹಿಡಿಯದ ಆ ಎರಡು ಸಾಲುಗಳು ಬೇರೆಯಾಗಿ ಬಿದ್ದವು. ಮಾಳಿಗೆಯ ಮಣ್ಣು ಮಲಗಿದ್ದವರ ಮೇಲೆ ಕುಸಿಯಿತು. ಗುಡಿಸಿಲಿನಲ್ಲಿದ್ದ ಬಡವರು ಎಷ್ಟೋ ಮಂದಿ ಉಳಿದುಕೊಂಡರು. ಸಂಪತ್ತು ಕೊಂದು ದಾರಿದ್ರ್ಯವು ಕಾಯ್ದ ಇಂಥ ವಿಪರೀತವು ಲೋಕದಲ್ಲಿ ಅಪರೂಪ.

ಸೈನ್ಯ ಬಂದಿತು, ದೂರ ದೂರದಿಂದ ಅನ್ನ ಬಟ್ಟೆಗಳು ಬಂದವು. ಸಾಮೂಹಿಕ ದಹನಕ್ಕೆ ಸೌದೆ ಸಾಲದೆ, ಬಿದ್ದ ಮನೆಗಳ ತೊಲೆಗಳನ್ನೇ ಚಿತೆಗೆ ಹಾಕಬೇಕಾಯಿತು. ಪುಣೆಯಲ್ಲಿ ಭಾರತೀಯ ಜೈನ ಸಂಘಟನೆಯವರು ಸುಮಾರು 1,200 ಮಕ್ಕಳನ್ನು ಕರೆದೊಯ್ದು ಅಶನ ವಸತಿ ವಿದ್ಯೆಗಳ ಭಾರವನ್ನು ಹೊತ್ತರು. ಊರೇ ಅಳಿದಾಗ ಮಗುವಿಗೆ ಮೊದಲು ಬೇಕಾದದ್ದು ನಾಳೆ ಬೆಳಗ್ಗೆ ಇಂಥ ಹೊತ್ತಿಗೆ ಇಂಥ ಪಾಠ ಎಂಬ ನಿಶ್ಚಯ. ಇದನ್ನು ಅರಿತವರು ಹಣ ಕೊಟ್ಟವರಿಗಿಂತ ಕಡಮೆಯೇನೂ ಮಾಡಲಿಲ್ಲ.

ತರುವಾಯ ಮನೆಯ ಪ್ರಶ್ನೆ. ವಿಶ್ವಬ್ಯಾಂಕಿನ ಸಾಲದಿಂದ ಸರಕಾರವು 52 ಊರುಗಳನ್ನು ಬೇರೆಡೆಗೆ ಸಾಗಿಸಿ ಕಟ್ಟಿಸಿತು. ಭೂಮಿಯಿಲ್ಲದವನಿಗೂ ಅತಿ ಸಣ್ಣ ಹಿಡುವಳಿದಾರನಿಗೂ 250 ಚದರಡಿ, ಮಧ್ಯಮನಿಗೆ 400, ಏಳು ಹೆಕ್ಟೇರಿಗೆ ಮೇಲ್ಪಟ್ಟವನಿಗೆ 750 ಎಂದು ಮನೆಯನ್ನು ಹೊಲದಿಂದ ಅಳೆದರು. ಬೀದಿಗಳೆಲ್ಲ ದಾರ ಹಿಡಿದಂತೆ ನೇರ. ಕಾಂಕ್ರೀಟು ಗಟ್ಟಿಯೇ ಇತ್ತು. ಆದರೆ ಎತ್ತನ್ನು ಕಟ್ಟುವುದೆಲ್ಲಿ, ಬಣವೆಯನ್ನು ಒಟ್ಟುವುದೆಲ್ಲಿ? ಹೊಲ ದೂರವಾಯಿತು. ಒಂದೇ ಅಂಗಳಕ್ಕೆ ಬಾಗಿಲಿದ್ದ ಅಣ್ಣತಮ್ಮಂದಿರು ಬೇರೆ ಬೇರೆ ಬೀದಿಗಳ ಪಾಲಾದರು. ಎತ್ತರವಾದ ಗೋಡೆಯ ಮರೆಯಲ್ಲಿ ಬೀಸುತ್ತ ಕುಟ್ಟುತ್ತ ಮಾತಾಡುತ್ತಿದ್ದ ಹೆಂಗಸರಿಗೆ, ನಾಲ್ಕು ಕಡೆಯೂ ತೆರೆದ ನಿವೇಶನದಲ್ಲಿ ಬೀದಿಯಲ್ಲಿಯೇ ಸಂಸಾರ ಹೂಡಿದಂತಾಯಿತು. ನಕ್ಷೆ ಬರೆದ ಅಧಿಕಾರಿಗೆ ಇದಾವುದೂ ಕಾಣದಿದ್ದುದು ಆಶ್ಚರ್ಯವಲ್ಲ. ಅವನ ಮನೆಯಲ್ಲಿ ಎತ್ತು ಇರಲಾರದು.

ಇದಕ್ಕಿಂತಲೂ ದೊಡ್ಡದೊಂದು ಕಷ್ಟವಿತ್ತು. ಬಹುಮಂದಿ ಹೊಸ ಮನೆಯ ಬದಿಗೆ ತಗಡಿನ ಚಪ್ಪರ ಹಾಕಿಕೊಂಡು ರಾತ್ರಿ ಅಲ್ಲಿಯೇ ಮಲಗುವರು. ತಗಡು ಬೇಸಗೆಯಲ್ಲಿ ಕಾವಲಿಯಂತೆ ಕಾಯುವುದು, ಮಳೆಯಲ್ಲಿ ಡೋಲಿನಂತೆ ಬಡಿಯುವುದು. ಆದರೂ ಅದು ಬಿದ್ದರೆ ಪ್ರಾಣ ಹೋಗದು. ಮನೆಯು ಕಾಪಾಡುತ್ತದೆಂಬ ಭಾವನೆ ಒಮ್ಮೆ ಮುರಿದರೆ ಅದನ್ನು ಗುತ್ತಿಗೆದಾರನು ಕಟ್ಟಿಕೊಡಲಾರನು.

ಅದು ಮತ್ತೆ ಹುಟ್ಟಿದುದು ಬಹುಮಟ್ಟಿಗೆ ಇನ್ನೊಂದು ಕಡೆ. ಎರಡು ಲಕ್ಷಕ್ಕೂ ಮೇಲ್ಪಟ್ಟ ಮನೆಗಳು ಬೀಳದೆ ಬಿರುಕುಬಿಟ್ಟು ನಿಂತಿದ್ದವು. ಅವುಗಳನ್ನು ಇದ್ದಲ್ಲಿಯೇ ಭದ್ರಪಡಿಸಲು ಯಜಮಾನರ ಕೈಗೇ ಹಣ, ಸಾಮಗ್ರಿಗಳನ್ನು ಕೊಟ್ಟರು. ಊರೂರಿನಲ್ಲಿ ಈ ವಿಷಯವನ್ನು ತಿಳಿಸುವ ಕೆಲಸವು ಮಹಿಳಾ ಮಂಡಲಗಳಿಗೆ ಬಂದಿತು; ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಅವರನ್ನು ಸಿದ್ಧಪಡಿಸಿತು. ಹೆಂಗಸಿಗೂ ಗಾರೆ ಕೆಲಸಕ್ಕೂ ಏನು ಸಂಬಂಧವೆಂದು ಮೊದಲು ನಕ್ಕವರು ಇಲ್ಲದಿರಲಿಲ್ಲ. ನಗುವವರು ನಗುತ್ತಿರಲು, ಗೋಡೆಯ ಎರಡು ಮೈಗಳನ್ನೂ ಹಿಡಿಯುವಂತೆ ನಡುನಡುವೆ ಉದ್ದನೆಯ ಕಲ್ಲನ್ನು ಅಡ್ಡಲಾಗಿ ಇಡಬೇಕು, ಬಾಗಿಲ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತಲೂ ಒಂದು ಪಟ್ಟಿ ಬರಬೇಕು, ಮಾಳಿಗೆಯ ಮಣ್ಣಿನ ಹೊರೆ ಇಳಿಯಬೇಕು ಎಂಬುದನ್ನು ಅವರು ಕಲಿತರು. ಕಲಿತ ಮೇಲೆ ಗೌಂಡಿಯ ಎದುರಿಗೇ ನಿಂತು, ಉದ್ದನೆಯ ಕಲ್ಲು ಎಲ್ಲಿ ಎಂದು ಕೇಳತೊಡಗಿದರು. ತಾನು ಕಣ್ಣಾರೆ ಕಂಡು ಇಡಿಸಿದ ಕಲ್ಲಿನ ಕೆಳಗೆ ಗೃಹಿಣಿಯು ಮಗುವನ್ನು ಮಲಗಿಸಬಲ್ಲಳು. ಇದೇ ಕ್ರಮವನ್ನು 2001ರ ಕಚ್ಛದ ಭೂಕಂಪದ ತರುವಾಯ ಗುಜರಾತಿನಲ್ಲಿ ಇನ್ನೂ ವಿಸ್ತಾರವಾಗಿ ಅನುಸರಿಸಿದರು.

ಸ್ಥಳಾಂತರವಾದ ಊರುಗಳ ಜನರೂ ಸುಮ್ಮನೆ ಕುಳಿತಿರಲಿಲ್ಲ. ವರುಷಗಳು ಕಳೆದಂತೆ ಕಾಂಕ್ರೀಟು ಮನೆಗಳ ಸುತ್ತ ಮರೆಗೋಡೆ ಎದ್ದಿತು, ಕೊಟ್ಟಿಗೆ ಬಂದಿತು, ಬೇವಿನ ಗಿಡ ನೆರಳಾಯಿತು. ಕೆಲವರು ಹಳೆಯ ಊರಿನ ದಿಬ್ಬಗಳಿಗೆ ಹೋಗಿ, ಚಿತೆಗೆ ಬೀಳದೆ ಉಳಿದಿದ್ದ ಕೆತ್ತನೆಯ ಬಾಗಿಲುಗಳನ್ನೂ ಚೌಕಟ್ಟುಗಳನ್ನೂ ಹುಡುಕಿ ಗಾಡಿಯಲ್ಲಿ ಹೇರಿಕೊಂಡು ಬಂದರು. ಸರಕಾರ ಕೊಟ್ಟ ಬಾಗಿಲು ಕೊಟ್ಟಿಗೆಗೆ ಆಯಿತು.