ಹಾಲು, ಆಲು ಮತ್ತು ನಕ್ಷತ್ರಿಕ

ನಿನ್ನ ಫೇವರಿಟ್ ಕಾಮಿಡಿಯನ್ ಯಾರು ಅಂತ ಯಾರಾದರೂ ಕೇಳಿದರೆ ನಾನು ಯೋಚನೆ ಮಾಡದೆ ಹೇಳೋ ಹೆಸರು ನರಸಿಂಹರಾಜು. ಕೇಳಿದವರ ಮುಖದಲ್ಲಿ ಒಂದು ಸಣ್ಣ ನಿರಾಸೆ ಕಾಣಿಸುತ್ತೆ. ಮೂವತ್ತೈದರ ಆಸುಪಾಸಿನವನು, ದಿನಾ ಜಾವಾ ಬರೆದು ಹೊಟ್ಟೆ ಹೊರೆಯುವವನು, ಯಾವುದಾದರೂ ನೆಟ್‌ಫ್ಲಿಕ್ಸ್ ಸ್ಪೆಷಲ್ಲಿನ ಹೆಸರು ಹೇಳ್ತಾನೆ ಅಂದುಕೊಂಡಿರ್ತಾರೆ. ಇವನು ನೋಡಿದರೆ 1979ರಲ್ಲೇ ತೀರಿಹೋದ ನಟನ ಹೆಸರು ಹೇಳ್ತಿದ್ದಾನೆ. "ಓಹ್, ಓಲ್ಡ್ ಸ್ಕೂಲ್" ಅಂತ ಹೇಳಿ ಮಾತು ಬದಲಾಯಿಸ್ತಾರೆ.

ಇದರಲ್ಲಿ ಸ್ವಲ್ಪ ಊರಿನ ಅಭಿಮಾನ ಇರೋದು ನಿಜ. ನಮ್ಮದು ತಿಪಟೂರಿನ ಪಕ್ಕದ ಹಳ್ಳಿ, ನರಸಿಂಹರಾಜು ತಿಪಟೂರಿನವರು. ರೈಲಿನಲ್ಲಿ ಹುಬ್ಬಳ್ಳಿ ಕಡೆಗೆ ಹೊರಟರೆ ಮುಂದೆ ಸಿಗೋದು ಅರಸೀಕೆರೆ, ಅದು ಬಾಲಕೃಷ್ಣ ಅವರ ಊರು. ಬೆಂಗಳೂರಿನ ಕಡೆಗೆ ಬಂದರೆ ಗುಬ್ಬಿ. 'ಸದಾರಮೆ'ಯ ಕಳ್ಳನಾಗಿ ಜನರನ್ನ ನಗಿಸಿ ನಗಿಸಿಯೇ ದೊಡ್ಡ ಕಂಪನಿ ಕಟ್ಟಿದ ಗುಬ್ಬಿ ವೀರಣ್ಣನವರ ಊರು. ಒಂದೇ ರೈಲು ದಾರಿಯಲ್ಲಿ ಇಷ್ಟೊಂದು ನಗೆ! ಬರೀ ಕೊಬ್ಬರಿ, ರಾಗಿ ಬೆಳೆಯುವ ಈ ಒಣ ನಾಡಿನಲ್ಲಿ ಇದು ಹೇಗೆ ಬೆಳೆಯಿತೋ ಗೊತ್ತಿಲ್ಲ. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡೇ ಡೈಲಾಗ್ ಎತ್ತಿಕೊಳ್ಳುತ್ತಿದ್ದರು ಅಂತ ಹೇಳ್ತಾರೆ. ಇದು ಗೊತ್ತಾದ ಮೇಲೆ 'ಬಂಗಾರದ ಮನುಷ್ಯ'ದ ರಾಚೂಟಪ್ಪನನ್ನ ನಾನು ಇನ್ನೊಮ್ಮೆ ಕೂತು ನೋಡಿದೆ. ಟೈಮಿಂಗಿನಲ್ಲಿ ಒಂದು ಕೂದಲೆಳೆಯ ತಪ್ಪೂ ಕಾಣಿಸಲಿಲ್ಲ.

ಆದರೆ ನರಸಿಂಹರಾಜು ನನಗೆ ಇಷ್ಟವಾಗೋಕೆ ಮುಖ್ಯ ಕಾರಣ ಒಂದು ಪಾತ್ರ. 1965ರ 'ಸತ್ಯ ಹರಿಶ್ಚಂದ್ರ'ದ ನಕ್ಷತ್ರಿಕ.

ಕತೆ ನಿಮಗೆ ಗೊತ್ತೇ ಇದೆ. ವಿಶ್ವಾಮಿತ್ರರಿಗೆ ಕೊಡಬೇಕಾದ ಸಾಲ ವಸೂಲಿ ಮಾಡಿಕೊಂಡು ಬಾ ಅಂತ ಹರಿಶ್ಚಂದ್ರನ ಹಿಂದೆ ಕಳಿಸಿದ ಶಿಷ್ಯ ಈ ನಕ್ಷತ್ರಿಕ. ಕಾಲು ನೋವು, ಹಸಿವು, ಬಿಸಿಲು ಅಂತ ಹೆಜ್ಜೆ ಹೆಜ್ಜೆಗೂ ಕಾಡುವವನು. ರಾಘವಾಂಕನ ಕಾವ್ಯದಿಂದ ಹಿಡಿದು ನಮ್ಮೂರಿನ ಜಗುಲಿಯವರೆಗೂ ಬಂದಿರೋ ಹೆಸರು ಅದು. ಬಿಡದೆ ಪೀಡಿಸೋ ಮಕ್ಕಳಿಗೆ ಅಮ್ಮಂದಿರು ಇವತ್ತಿಗೂ "ನಕ್ಷತ್ರಿಕನಂಗೆ ಕಾಡಬೇಡ" ಅಂತ ಬಯ್ಯುತ್ತಾರೆ. ದೂರದರ್ಶನದಲ್ಲಿ ಈ ಸಿನಿಮಾ ಬಂದ ದಿನ ನಮ್ಮನೆಯ ಕಪ್ಪು ಬಿಳುಪು ಟೀವಿ ಮುಂದೆ ಅರ್ಧ ಬೀದಿ ಕೂತಿತ್ತು. ಅಲ್ಲಿ ಕೂತಿದ್ದವರಲ್ಲಿ ಸಾಲ ಇಲ್ಲದವರು ಒಬ್ಬರೂ ಇರಲಿಲ್ಲ. ಸೊಸೈಟಿ ಸಾಲ, ಬೋರ್‌ವೆಲ್ ಸಾಲ, ಮಗಳ ಮದುವೆ ಸಾಲ. ವಸೂಲಿಗೆ ಬಂದವರು ಜಗುಲಿಯಲ್ಲಿ ಕೂತು ಎದ್ದು ಹೋಗದೆ ಇರೋದು ಹೇಗಿರುತ್ತೆ ಅಂತ ಅವರಿಗೆಲ್ಲ ಗೊತ್ತಿತ್ತು. ಅಂಥವರು ಸಾಲ ವಸೂಲಿಗೆ ಬಂದವನನ್ನ ನೋಡಿ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ನಮ್ಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಗೋಡೆಗೆ ಒರಗಿ ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ.

ಇದೇ ಅಮ್ಮ ಕುಡುಕನ ಕಾಮಿಡಿ ಬಂದರೆ ಎದ್ದು ಹೋಗುತ್ತಿದ್ದಳು.

ಜಾತ್ರೆಗೆ ಬರುತ್ತಿದ್ದ ಕಂಪನಿ ನಾಟಕ ಇರಲಿ, ಟೀವಿಯ ಸಿನಿಮಾ ಇರಲಿ, ಕುಡುಕ ಇಲ್ಲದೆ ಕಾಮಿಡಿ ಮುಗಿಯೋದು ಅಪರೂಪ. ತೂರಾಡೋದು, ಲೈಟ್ ಕಂಬಕ್ಕೆ ಕೈಮುಗಿಯೋದು, ಬೇರೆಯವರ ಮನೆ ಬಾಗಿಲು ತಟ್ಟೋದು. ಊರೆಲ್ಲ ನಗುತ್ತಿತ್ತು, ಅಪ್ಪನೂ ನಗುತ್ತಿದ್ದರು, ನಾನೂ. ಅಮ್ಮ ಮಾತ್ರ "ಒಲೆ ಮೇಲೆ ಏನೋ ಇಟ್ಟಿದೀನಿ" ಅಂತ ಒಳಗೆ ಹೋಗುತ್ತಿದ್ದಳು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ಅವಳ ಅಣ್ಣ, ನನ್ನ ದೊಡ್ಡ ಮಾವ, ಪ್ಯಾಕೆಟ್ ಸಾರಾಯಿಗೆ ತೋಟ ಮಾರಿದವನು. ಮೊದಲು ಕೆರೆ ಹಿಂದಿನದು, ಆಮೇಲೆ ಮನೆ ಮುಂದಿನದು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅವನು ಹೋಗಿ ನಾಲ್ಕು ವರ್ಷ ಆಗಿತ್ತು. ಅತ್ತೆ ಎರಡು ಮಕ್ಕಳನ್ನ ಕಟ್ಟಿಕೊಂಡು ಕೊಬ್ಬರಿ ಸುಲಿಯೋ ಕೂಲಿಗೆ ಹೋಗುತ್ತಿದ್ದಳು.

ನೋವು ಹತ್ತಿರದ್ದಾದರೆ ನಗು ಬರಲ್ಲ, ದೂರದ್ದಾದರೆ ಬರುತ್ತೆ. ಹಾಸ್ಯದ ಬಗ್ಗೆ ಮಾತಾಡುವಾಗ ಎಲ್ಲರೂ ಹೇಳೋ ಥಿಯರಿ ಇದು, ನಾನೂ ತುಂಬಾ ದಿನ ನಂಬಿದ್ದೆ. ಆದರೆ ಅಮ್ಮನ ಕೇಸಿನಲ್ಲಿ ಈ ಕೋಡು ಓಡಲ್ಲ. ಸಾಲದ ನೋವು ಅವಳಿಗೆ ಕುಡಿತದ ನೋವಿನಷ್ಟೇ ಹತ್ತಿರ ಇತ್ತು. ಬಹುಶಃ ಹೆಚ್ಚೇ. ಸಾಲ ನಮ್ಮ ಸ್ವಂತ ಮನೆಯದ್ದು, ಕುಡಿತ ತವರಿನದ್ದು. ಹಾಗಾದರೆ ಒಂದಕ್ಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗು, ಇನ್ನೊಂದಕ್ಕೆ ಅಡುಗೆಮನೆ ಯಾಕೆ?

ಈಗ ನನಗೆ ಅನ್ನಿಸೋದು ಹೀಗೆ. ನಕ್ಷತ್ರಿಕನ ಸೀನಿನಲ್ಲಿ ಸಾಲ ಮಾಡಿಕೊಂಡವನು ಪಕ್ಕದಲ್ಲೇ ನಿಂತಿದ್ದಾನೆ. ರಾಜ್‌ಕುಮಾರ್ ರೂಪದಲ್ಲಿ, ತಲೆ ಎತ್ತಿಕೊಂಡು. ಅವನ ಕಷ್ಟವೂ ಕಾಣುತ್ತೆ, ಮರ್ಯಾದೆಯೂ ಕಾಣುತ್ತೆ. ನಗೆಪಾಟಲಾಗೋದು ಕಾಡುವವನು. ಕುಡುಕನ ಸೀನಿನಲ್ಲಿ ಕುಡುಕ ಒಬ್ಬನೇ ಇರ್ತಾನೆ. ಅವನ ಹೆಂಡತಿ ಫ್ರೇಮಿನಲ್ಲಿ ಇಲ್ಲ. ಇದ್ದರೂ ಪೊರಕೆ ಹಿಡಿದುಕೊಂಡು ನಿಂತಿರೋ ಇನ್ನೊಂದು ಜೋಕಾಗಿ ಇರ್ತಾಳೆ. ಕೊಬ್ಬರಿ ಸುಲಿಯೋಕೆ ಹೋಗೋ ಅತ್ತೆಯನ್ನ ಯಾವ ಡೈರೆಕ್ಟರೂ ತೋರಿಸಲಿಲ್ಲ. ಅಮ್ಮ ಎದ್ದು ಹೋಗುತ್ತಿದ್ದದ್ದು ಅಲ್ಲಿ ಇದ್ದದ್ದನ್ನ ನೋಡಲಾಗದೆ ಅಲ್ಲ, ಇಲ್ಲದೇ ಇದ್ದವಳು ಅವಳಿಗೆ ಮಾತ್ರ ಕಾಣಿಸುತ್ತಿದ್ದಳು.

ಈ ಲೆಕ್ಕ ಇಟ್ಟುಕೊಂಡು ನೋಡಿದರೆ ನನಗೆ ಯಾರ ಕಾಮಿಡಿ ಹಿಡಿಸಲ್ಲ ಅನ್ನೋದೂ ಸುಮಾರಾಗಿ ಅರ್ಥ ಆಗುತ್ತೆ. ತೊಂಬತ್ತರ ದಶಕದ ಸಿನಿಮಾಗಳಲ್ಲಿ ಕತೆಗೂ ತನಗೂ ಸಂಬಂಧವೇ ಇಲ್ಲ ಅನ್ನೋ ಹಾಗೆ ಓಡುತ್ತಿದ್ದ ಟೆನಿಸ್ ಕೃಷ್ಣ ಟ್ರ್ಯಾಕುಗಳು ನನಗೆ ಆಗಿಬರಲಿಲ್ಲ. ಸಾಧು ಕೋಕಿಲ ಅವರ ವಿಷಯ ಸ್ವಲ್ಪ ಕಷ್ಟ. ಹೇಳಿದರೆ ನನ್ನ ತಂಗಿಯ ಗಂಡ ಮಾತು ಬಿಡ್ತಾನೆ, ಅವನು ಸಾಧು ಭಕ್ತ. ಸಾಧು ಅವರ ಸಂಗೀತದ ಬಗ್ಗೆ ನನಗೆ ಗೌರವ ಇದೆ, ಒಬ್ಬ ಸಂಗೀತಗಾರನಿಗಿರೋ ಲಯಜ್ಞಾನ ಅವರ ಡೈಲಾಗಿನಲ್ಲೂ ಕೇಳಿಸುತ್ತೆ. ನನ್ನ ತಕರಾರು ಅವರಿಗೆ ಬರೆದುಕೊಡೋ ಸೀನುಗಳ ಮೇಲೆ. ದಪ್ಪ ಇರೋಳು, ಕಪ್ಪಗಿರೋಳು, ಹಲ್ಲು ಮುಂದಿರೋಳು ಬಂದ ತಕ್ಷಣ ಹಿನ್ನೆಲೆಯಲ್ಲಿ 'ಟೊಯ್ಯ್' ಅಂತ ಸೌಂಡು. ಜೋಕು ಅಷ್ಟೇ. ನರಸಿಂಹರಾಜುಗೂ ಹಲ್ಲು ಮುಂದಿತ್ತು, ಕಡ್ಡಿ ದೇಹ. ಆದರೆ ಆ ಹಲ್ಲು ಅವರದ್ದು, ಅದನ್ನ ಯಾವಾಗ ತೋರಿಸಬೇಕು ಅನ್ನೋ ನಿರ್ಧಾರವೂ ಅವರದ್ದು.

ಉಮಾಶ್ರೀ ಅವರನ್ನೇ ನೋಡಿ. ರಂಗದ ಮೇಲೆ 'ಒಡಲಾಳ'ದ ಸಾಕವ್ವನಾಗಿ ಜನರ ಉಸಿರು ನಿಲ್ಲಿಸಿದ ನಟಿ. ಸಿನಿಮಾದವರು ವರ್ಷಗಟ್ಟಲೆ ಅವರಿಂದ ಮಾಡಿಸಿದ್ದು ಡಬಲ್ ಮೀನಿಂಗ್ ಕಾಮಿಡಿ. ಆಮೇಲೆ 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ ಬಂತು. ಆ ಹಳೆಯ ಕಾಮಿಡಿಗಳಲ್ಲೂ ಅವರು ಕಣ್ಣಲ್ಲೇ ಎಷ್ಟೊಂದು ಆಟ ಆಡಿದ್ದಾರೆ ನೋಡಿ. ನಾನು ಡೈಲಾಗಿಗೆ ನಗಲ್ಲ, ಆ ಕಣ್ಣಿಗೆ ನಗ್ತೀನಿ.

ಹಾಗಂತ ನಮ್ಮ ನಗು ಮೇಲು, ಅವರ ನಗು ಕೀಳು ಅಂತ ಹೇಳೋಕೆ ಹೊರಟರೆ ಭರತಮುನಿಯ ಕಾಲದ ಒಂದು ಹಳೇ ಹಳ್ಳಕ್ಕೆ ಬೀಳ್ತೀವಿ. ನಾಟ್ಯಶಾಸ್ತ್ರದಲ್ಲಿ ನಗುವನ್ನ ಆರು ಥರ ಮಾಡಿದ್ದಾರೆ. ಸ್ಮಿತ, ಹಸಿತ ಉತ್ತಮರಿಗೆ, ಅಂದರೆ ಹಲ್ಲು ಕಾಣದ ಹಾಗೆ ಅಥವಾ ಒಂದಿಷ್ಟೇ ಕಾಣೋ ಹಾಗೆ. ವಿಹಸಿತ, ಉಪಹಸಿತ ಮಧ್ಯಮರಿಗೆ. ಕಣ್ಣೀರು ಬಂದು ಭುಜ ಕುಲುಕೋ ಅಪಹಸಿತ, ಪಕ್ಕೆ ಹಿಡಿದುಕೊಂಡು ಗಟ್ಟಿಯಾಗಿ ನಗೋ ಅತಿಹಸಿತ, ಇವೆರಡೂ ಅಧಮರಿಗೆ. ಈ ಪ್ರಕಾರ ನಮ್ಮ ಟೀವಿ ಮುಂದೆ ಅವತ್ತು ಒಬ್ಬ ಉತ್ತಮನೂ ಕೂತಿರಲಿಲ್ಲ. ಉತ್ತಮರನ್ನ ನಾನು ಮೊದಲು ನೋಡಿದ್ದು ಬಿಇ ಮುಗಿಸಿ ಬೆಂಗಳೂರಿನ ಆಫೀಸಿಗೆ ಬಂದ ಮೇಲೆ. ಮೀಟಿಂಗ್ ರೂಮಿನಲ್ಲಿ ಮ್ಯಾನೇಜರ್ ಜೋಕ್ ಹೇಳಿದಾಗ ಎಲ್ಲರೂ ಸ್ಮಿತ.

ಆಫೀಸಿನಲ್ಲೇ ಇನ್ನೊಂದು ನಗೆಯೂ ಪರಿಚಯ ಆಯ್ತು. ಯಾವ ಆಫೀಸು, ಯಾರು ಅನ್ನೋದು ಬೇಡ, ಒಳ್ಳೆಯ ಹುಡುಗನೇ. ಸಿನಿಮಾಗಳಲ್ಲಿ ಹಳ್ಳಿಯವನು ಬಂದರೆ 'ಹ' ಬಿಟ್ಟು ಮಾತಾಡ್ತಾನಲ್ಲ, ಅದನ್ನ ಅವನು ಸೊಗಸಾಗಿ ಮಿಮಿಕ್ರಿ ಮಾಡ್ತಿದ್ದ. ಕಾಫಿ ಮೆಷಿನ್ ಹತ್ತಿರ ನಿಂತು "ಲೇ, ಆಲು ಆಕ್ಲಾ" ಅಂದರೆ ಇಡೀ ಟೀಮು ನಗುತ್ತಿತ್ತು. ನನಗೆ ನಗು ಬರುತ್ತಿರಲಿಲ್ಲ. ಸಿಟ್ಟೂ ಬರುತ್ತಿರಲಿಲ್ಲ. ಅದರಲ್ಲಿ ಜೋಕು ಎಲ್ಲಿದೆ ಅಂತ ಗೊತ್ತಾಗುತ್ತಿರಲಿಲ್ಲ, ಅಷ್ಟೇ. ನಮ್ಮಪ್ಪ ದಿನಾ ಬೆಳಿಗ್ಗೆ ಹಾಗೇ ಅಲ್ಲವೇ ಕಾಫಿ ಕೇಳೋದು? ಒಂದು ದಿನ ಅವನಿಗೆ ಹೇಳಿದೆ, "ನೋಡು ಗುರು, ಹಳಗನ್ನಡದಲ್ಲಿ ಅದು ಪಾಲು. ಆಮೇಲೆ ಪ ಹೋಗಿ ಹ ಬಂತು, ಹಾಲು ಆಯ್ತು. ನಮ್ಮೂರಲ್ಲಿ ಆ ಹ ಕೂಡ ಹೋಗಿ ಆಲು ಆಗಿದೆ. ನಮಗೆ ಮಾತು ಬರಲ್ಲ ಅಂತಲ್ಲ, ನಾವು ನಿಮಗಿಂತ ಒಂದು ವರ್ಷನ್ ಮುಂದಿದ್ದೀವಿ." ಅವನು ಇದಕ್ಕೂ ನಕ್ಕ. ಆ ನಗುವಿಗೆ ಮಾತ್ರ ನಾನೂ ಸೇರಿಕೊಂಡೆ.

ನಗು ಬೇರೆ ಬೇರೆ ಆಗೋಕೆ ನೋವು, ಅವಮಾನವೇ ಕಾರಣ ಆಗಬೇಕು ಅಂತಿಲ್ಲ. ಎಷ್ಟೋ ಸಲ ಬರೀ ಪರಿಚಯದ ಪ್ರಶ್ನೆ. ಕಾಲೇಜಿನಲ್ಲಿದ್ದಾಗ ಕೈಲಾಸಂ ನಾಟಕಗಳನ್ನ ಓದಿ ಒಂದು ಸಲವೂ ನಗಲಿಲ್ಲ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಮನುಷ್ಯ ಬರೆದ, ಅರ್ಧ ಇಂಗ್ಲಿಷ್ ಬೆರೆಸಿದ ಆ ಮನೆಮಾತು ನಮ್ಮೂರಿನ ಯಾವ ಮನೆಯದ್ದೂ ಆಗಿರಲಿಲ್ಲ. ಬೆಂಗಳೂರಿನಲ್ಲಿ ಹತ್ತು ವರ್ಷ ಕಳೆದು, ಬಸವನಗುಡಿಯ ಹುಡುಗಿಯನ್ನ ಮದುವೆಯಾಗಿ, ಮಾವನ ಮನೆಯ ಊಟದ ಮಾತುಗಳನ್ನ ಕೇಳಿಸಿಕೊಂಡ ಮೇಲೆ ಓದಿದರೆ ಪುಟಪುಟಕ್ಕೂ ನಗು. ಪುಸ್ತಕ ಅದೇ. ನನ್ನ ಹೆಂಡತಿಗೆ 'ಗಣೇಶನ ಮದುವೆ' ಬಾಯಿಪಾಠ. ಅವಳ ಅಜ್ಜಿ ಇದ್ದದ್ದೇ ಅಂಥ ಒಂದು ವಠಾರದಲ್ಲಿ. ಅನಂತ್‌ನಾಗ್ ಬಾಯಿ ತೆರೆಯೋ ಮೊದಲೇ ಅವಳು ನಗೋಕೆ ಶುರು ಮಾಡ್ತಾಳೆ. ನಾನು ವಠಾರ ಅನ್ನೋದನ್ನ ಮೊದಲು ನೋಡಿದ್ದೇ ಆ ಸಿನಿಮಾದಲ್ಲಿ, ಒಂದು ನಲ್ಲಿಗೆ ಇಷ್ಟೊಂದು ಜಗಳ ಯಾಕೆ ಅಂತ ಮೊದಲ ಸಲ ಅರ್ಥವೇ ಆಗಿರಲಿಲ್ಲ. ನಮ್ಮಲ್ಲಿ ನಲ್ಲಿಯೇ ಇರಲಿಲ್ಲವಲ್ಲ. ಬೀchi ತಮ್ಮ ಆತ್ಮಕತೆಗೆ 'ನನ್ನ ಭಯಾಗ್ರಫಿ' ಅಂತ ಹೆಸರಿಟ್ಟರು. ಕನ್ನಡ, ಇಂಗ್ಲಿಷ್ ಎರಡೂ ತಲೆಯಲ್ಲಿ ಒಟ್ಟಿಗೆ ಓಡದಿದ್ದರೆ ಅದರಲ್ಲಿ ನಗೋದೇನಿದೆ? ಅಪ್ಪನಿಗೆ ಹೇಳಿದೆ. "ಯಾಕಂತೆ ಬಯ?" ಅಂದರು.

ಇಂಗ್ಲಿಷ್ ಸ್ಟ್ಯಾಂಡಪ್ಪಿಗೂ ಟೀಮಿನವರ ಜೊತೆ ಎರಡು ಮೂರು ಸಲ ಹೋಗಿದ್ದೀನಿ. ಬೋರ್ಡಿಂಗ್ ಸ್ಕೂಲು, ಪಿಯಾನೋ ಕ್ಲಾಸು, ನಾಯಿ ಸಾಕೋದು, ಥೆರಪಿಸ್ಟು. ಕೆಟ್ಟದ್ದು ಅಂತ ಹೇಳಲ್ಲ. ಬೇರೆಯವರ ಮದುವೆ ಆಲ್ಬಮ್ ನೋಡಿದ ಹಾಗಾಗುತ್ತೆ. ಬಿರಿಯಾನಿ ಚೆನ್ನಾಗಿತ್ತು ಅಂತ ಗೊತ್ತಾಗುತ್ತೆ, ಹೊಟ್ಟೆ ತುಂಬಲ್ಲ.

ಈಚೆಗೆ ಒಬ್ಬನೇ ಒಂದು ಕನ್ನಡ ಸ್ಟ್ಯಾಂಡಪ್ಪಿಗೆ ಹೋದೆ. ಸಣ್ಣ ಹಾಲು, ಪ್ಲಾಸ್ಟಿಕ್ ಕುರ್ಚಿ. ಮೈಕ್ ಹಿಡಿದ ಹುಡುಗ ನಮ್ಮ ಕಡೆಯವನೇ ಅಂತ ಮೊದಲ ವಾಕ್ಯದಲ್ಲೇ ಗೊತ್ತಾಯ್ತು. ಹಾಸ್ಟೆಲ್ಲಿನಲ್ಲಿ ಹ ಕಲಿಯೋಕೆ ತಾನು ಪಟ್ಟ ಪಾಡು ಹೇಳ್ತಾ ಹೋದ. ಸಿಕ್ಕ ಸಿಕ್ಕ ಕಡೆ ಹ ಸೇರಿಸಿ, ಹೆಡ್ ಮೇಷ್ಟ್ರ ಮುಂದೆ ನಿಂತು "ಹಪ್ಪ ಹಮ್ಮ ಊರಲ್ಲಿದಾರೆ ಸಾರ್" ಅಂದಿದ್ದನಂತೆ. ರಜೆಗೆ ಊರಿಗೆ ಹೋದರೆ ಅವರಪ್ಪ, "ಯಾಕ್ಲಾ, ಮಾತಾಡಕ್ಕೆ ಉಸಿರು ಕಟ್ತದಾ?" ಅಂದರಂತೆ. ಹಾಲ್ ಪೂರ್ತಿ ನಗು. ಕಾಫಿ ಮೆಷಿನ್ ಹತ್ತಿರ ಕೇಳಿದ ಅದೇ ಅಕ್ಷರ, ಆದರೆ ಇಲ್ಲಿ ಅಪ್ಪ ಫ್ರೇಮಿನ ಒಳಗೇ ಇದ್ದರು, ಕೊನೆಯ ಮಾತೂ ಅವರದ್ದೇ. ನಾನು ಪಕ್ಕೆ ಹಿಡಿದುಕೊಂಡು ನಕ್ಕೆ, ಭರತಮುನಿ ಕ್ಷಮಿಸಲಿ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹಿರಿಯರೊಬ್ಬರು, ಮಾತಿನ ಮೇಲೆ ಜಯನಗರದವರ ಹಾಗಿದ್ದರು, ನನಗಿಂತ ಜೋರಾಗಿ ನಗುತ್ತಿದ್ದರು. ಇವರು ಹುಡುಗನ ಜೊತೆ ನಗ್ತಿದಾರಾ, ಹ ಬಿಟ್ಟಿದ್ದಕ್ಕೆ ನಗ್ತಿದಾರಾ ಅಂತ ಒಂದು ಸಲ ತಿರುಗಿ ನೋಡಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೇಳೋಣ ಅಂದುಕೊಳ್ಳೋ ಹೊತ್ತಿಗೆ ಹುಡುಗ ಮುಂದಿನ ಜೋಕಿಗೆ ಹೋಗಿಬಿಟ್ಟಿದ್ದ.