ಪಂಕ್ತಿಗೆ ಕೂರುವ ಮುನ್ನ

ಗಡಿಯಾಚೆಯ ಕನ್ನಡಿಗರಾದ ನಮಗೆ ‘ನೀವು ಯಾವ ಕಡೆಯವರು?’ ಎಂಬ ಪ್ರಶ್ನೆ ಹೊಸದಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕಚೇರಿಯ ನುಡಿಯೊಂದು, ಮನೆಯ ನುಡಿಯೊಂದು ಎಂಬಂತೆ ಬಾಳುತ್ತ ಬಂದಿದ್ದೇವೆ. ಕ್ರೈಸ್ತ ಮನೆತನದವರಾದ ನಮಗೆ ಈ ಪ್ರಶ್ನೆ ಇನ್ನೊಂದು ಸುತ್ತು ಹೆಚ್ಚು. ಆದರೆ ಒಬ್ಬನು ಯಾರವನು ಎಂಬುದನ್ನು ನಮ್ಮ ಧರ್ಮಗ್ರಂಥವು ನಿರ್ಣಯಿಸುವ ಬಗೆಯೇ ಬೇರೆ. ಹುಟ್ಟು, ನುಡಿ, ನೆಲಗಳಿಗಿಂತ ಮೊದಲು ಅದು ಕೇಳುವುದು ಕ್ಷಮೆಯನ್ನು.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ತಪ್ಪಿಹೋದ ಮಗನ ಸಾಮ್ಯವಿದೆ. ಆಸ್ತಿಯನ್ನು ಹಾಳುಮಾಡಿ, ಹಂದಿ ಮೇಯಿಸಿ, ಹಸಿದು ಮರಳಿದ ಕಿರಿಯನನ್ನು ತಂದೆ ಓಡಿಬಂದು ಅಪ್ಪಿಕೊಂಡುದನ್ನು ಎಲ್ಲರೂ ಬಲ್ಲರು. ನಮ್ಮ ಮನಸ್ಸು ಮಾತ್ರ ಬಾಗಿಲ ಹೊರಗೆ ನಿಂತ ಹಿರಿಯನ ಕಡೆಗೆ ಹೋಗುತ್ತದೆ. ಅವನು ತಮ್ಮನನ್ನು ತಮ್ಮನೆನ್ನುವುದಿಲ್ಲ, ತಂದೆಯ ಮಗನೆನ್ನುತ್ತಾನೆ. ತಂದೆಯಾದರೋ ಉತ್ತರ ಕೊಡುವಾಗ ಆ ಒಂದು ಶಬ್ದವನ್ನು ತಿದ್ದಿ, ಬಂದವನು ಅವನ ತಮ್ಮನೇ ಎಂದು ನೆನಪಿಸುತ್ತಾನೆ. ಹಿರಿಯನು ಒಳಗೆ ಹೋದನೋ ಇಲ್ಲವೋ, ಸಾಮ್ಯವು ಹೇಳುವುದಿಲ್ಲ. ಎಂದೂ ಮನೆ ಬಿಡದವನೂ ಕ್ಷಮಿಸಲಾರದೆ ಮನೆಗೆ ಹೊರಗಿನವನಾಗಬಹುದು.

ಮತ್ತಾಯನ 18ನೆಯ ಅಧ್ಯಾಯದಲ್ಲಿ ಹತ್ತು ಸಾವಿರ ತಲಾಂತುಗಳ ಸಾಲಗಾರನೊಬ್ಬನು ಬರುತ್ತಾನೆ. ಒಂದು ತಲಾಂತೆಂದರೆ ಸುಮಾರು 6,000 ದಿನಗಳ ಕೂಲಿ. ಒಟ್ಟು ಸಾಲ 6 ಕೋಟಿ ದಿನಗಳ ದುಡಿಮೆ. ಅರಸನು ಅದೆಲ್ಲವನ್ನೂ ಬಿಟ್ಟುಬಿಟ್ಟನು. ಹೊರಗೆ ಬಂದ ಆ ಮನುಷ್ಯನೇ ನೂರು ದಿನಗಳ ಕೂಲಿಯಷ್ಟು ಬಾಕಿಗಾಗಿ ಜೊತೆಯಾಳಿನ ಕುತ್ತಿಗೆ ಹಿಡಿದನು. ಪಡೆದ ಕ್ಷಮೆಯನ್ನು ಹಂಚಲಾರದವನ ಕೈಯಲ್ಲಿ ಅದು ಉಳಿಯಲಿಲ್ಲ.

ಇದರ ಭಾರವನ್ನು ನಾವು ನಮ್ಮ ಕುಟುಂಬದಲ್ಲಿಯೇ ಕಂಡಿದ್ದೇವೆ. ತೋಡಿನ ಕಟ್ಟದ ನೀರಿನ ಸರದಿಗಾಗಿ ದೊಡ್ಡಪ್ಪನವರಿಗೂ ಚಿಕ್ಕಪ್ಪನವರಿಗೂ ಮಾತು ನಿಂತು ಒಂಬತ್ತು ವರ್ಷಗಳಾಗಿದ್ದವು. ಒಂದೇ ದೇವಾಲಯ, ಬೇರೆ ಬೇರೆ ಬೆಂಚು. ಕರ್ತನ ಭೋಜನದ ವೇಳೆಗೆ ದೊಡ್ಡಪ್ಪನವರು ಎದ್ದು ಹೊರಗೆ ಹೋಗುತ್ತಿದ್ದರು. ಸಭಾಪಾಲಕರು ಕಾರಣ ಕೇಳಿದಾಗ, ತಮ್ಮನ ಮೇಲೆ ಮುನಿಸಿಟ್ಟುಕೊಂಡು ರೊಟ್ಟಿಗೆ ಕೈಯೊಡ್ಡಲಾರೆನೆಂದರು. ಯಜ್ಞವೇದಿಯ ಬಳಿ ಕಾಣಿಕೆಯನ್ನಿಟ್ಟು, ಮೊದಲು ಹೋಗಿ ಸಹೋದರನೊಡನೆ ಒಂದಾಗಬೇಕೆಂಬ ಯೇಸುವಿನ ಬೋಧೆಯ ಮೊದಲರ್ಧವನ್ನು ಅವರು ಪಾಲಿಸುತ್ತಿದ್ದರು. ಹೋಗುವುದು ಮಾತ್ರ ಆಗಿರಲಿಲ್ಲ. ಒಂದು ಶುಭ ಶುಕ್ರವಾರದ ಸಂಜೆ ಚಿಕ್ಕಪ್ಪನವರೇ ಲಾಟೀನು ಹಿಡಿದು ತೋಡು ದಾಟಿ ಬಂದರು. ನೀರಿನ ಮಾತು ಬರಲಿಲ್ಲ. ಅಜ್ಜಿ ಇಬ್ಬರಿಗೂ ಗಂಜಿ ಬಡಿಸಿದರು. ಮರುವಾರ ಅಣ್ಣತಮ್ಮಂದಿರು ಕೂಡಿ ಕಟ್ಟದ ನೀರಿಗೆ ಗಂಟೆಯ ಲೆಕ್ಕ ಹಾಕಿಕೊಂಡರು. ಕ್ಷಮೆಯಿಂದ ಲೆಕ್ಕವು ಅಳಿಯಲಿಲ್ಲ, ಅದು ಸಾಧ್ಯವಾಯಿತು.

ನೀರಿನ ಜಗಳ ಚಿಕ್ಕದು, ರಕ್ತ ಹರಿದಲ್ಲಿ ಏನು ಹೇಳುವಿರಿ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಕೊಡುವ ಯೋಗ್ಯತೆ ನಮಗಿಂತ ಗ್ಲಾಡಿಸ್ ಸ್ಟೇನ್ಸ್ ಅವರಿಗಿದೆ. ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಅವರ ಪತಿ ಗ್ರಹಾಂ ಸ್ಟೇನ್ಸ್ ಅವರನ್ನೂ, 10 ವರ್ಷದ ಫಿಲಿಪ್, 6 ವರ್ಷದ ತಿಮೊಥಿ ಎಂಬ ಮಕ್ಕಳನ್ನೂ 1999ರ ಜನವರಿಯಲ್ಲಿ ಮನೋಹರಪುರ ಗ್ರಾಮದಲ್ಲಿ, ವಾಹನದಲ್ಲಿ ಮಲಗಿದ್ದಾಗ ಸುಟ್ಟು ಕೊಂದರು. ಆ ತಾಯಿ ಕೊಂದವರನ್ನು ಕ್ಷಮಿಸಿರುವುದಾಗಿ ಸಾರಿದರು. ನ್ಯಾಯಾಲಯವು ತನ್ನ ಕರ್ತವ್ಯವನ್ನು ನಡೆಸಿತು. ಶಿಕ್ಷೆ ಕೊಡುವುದು ಅದರ ಅಧಿಕಾರ, ಹಗೆಯನ್ನು ಬಿಡುವುದು ಅವರ ಅಧಿಕಾರ. ಅವರು ಒಡನೆ ಆಸ್ಟ್ರೇಲಿಯಾಕ್ಕೆ ಮರಳಲಿಲ್ಲ. 2004ರವರೆಗೆ ಮಗಳೊಡನೆ ಇಲ್ಲಿಯೇ ಇದ್ದು ಸೇವೆಯನ್ನು ಮುಂದುವರಿಸಿದರು. 2005ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ನೀಡಿತು. ಹಗೆಯನ್ನು ಹೊತ್ತಿದ್ದರೆ ಆ ಊರು ಅವರಿಗೆ ಶ್ಮಶಾನವಷ್ಟೇ ಆಗಿರುತ್ತಿತ್ತು. ಅವರು ಅದನ್ನು ಮನೆಯಾಗಿಯೇ ಉಳಿಸಿಕೊಂಡರು.

ಪ್ರಿಯ ವಾಚಕರೇ, ನಕಾಶೆಯ ಗೆರೆಯನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ. ಅಣ್ಣತಮ್ಮಂದಿರ, ನೆರೆಹೊರೆಯವರ ನಡುವೆ ನಾವೇ ಎಳೆದ ಗೆರೆಗಳು ನಮ್ಮ ಕೈಯಲ್ಲಿಯೇ ಇವೆ. ನಿಮ್ಮ ದೇವರನ್ನು ನೀವು ಯಾವ ಹೆಸರಿನಿಂದಲೇ ಕರೆಯಿರಿ, ಮುಂದಿನ ಹಬ್ಬದ ಪಂಕ್ತಿಗೆ ಎಲೆ ಹಾಸುವ ಮುನ್ನ ಬಾಗಿಲ ಹೊರಗೆ ಯಾರು ನಿಂತಿದ್ದಾರೆಂದು ಒಮ್ಮೆ ನೋಡಿಬನ್ನಿರಿ.